ಹಿತ್ತಲಿನ ಕಳೆ ತೆಗೆಸುವ ಮುನ್ನ ಕೂಲಿಯ ಲೆಕ್ಕ
ಮಳೆಗಾಲ ಮುಗಿಯುತ್ತಿದ್ದಂತೆ ಹಿತ್ತಲಿನ ಕಳೆ ತೆಗೆಸಲು ಆಳುಗಳನ್ನು ಹುಡುಕುತ್ತಿರುವ ಸದಸ್ಯರಿಗೆ ನನ್ನ ಅನುಭವದಿಂದ ಒಂದು ಸಲಹೆ. ಖಾಲಿ ನಿವೇಶನದ ಹುಲ್ಲನ್ನು ಯಂತ್ರದಿಂದ ಸವರಿಸುವುದಾದರೆ ಗುತ್ತಿಗೆಗೆ ಕೊಡುವುದೇ ಲೇಸು. ಹೂಗಿಡಗಳ ನಡುವಿನ ಕಳೆಯನ್ನು ಕೈಯಿಂದ ಕೀಳಿಸುವುದಾದರೆ ದಿನಗೂಲಿಯೇ ಸರಿ. ಗುತ್ತಿಗೆಯ ಅವಸರದಲ್ಲಿ ದಾಸವಾಳದ ಎಳೆಯ ಸಸಿಯೂ ಕಳೆಯೊಂದಿಗೆ ಹೋಗಿಬಿಡುತ್ತದೆ. ನಮ್ಮ ಮನೆಯಲ್ಲಿ ಹೋಗಿದೆ.

ದರ ಕೇಳುವ ಮುನ್ನ ಜಾಗವನ್ನು ಅಳೆದಿಟ್ಟುಕೊಳ್ಳಿ. 30×40ರ ನಿವೇಶನವೆಂದರೆ 1,200 ಚದರಡಿ, ಗುಂಟೆಯೆಂದರೆ 1,089 ಚದರಡಿ. ಒಬ್ಬರು ಸೈಟಿನ ಲೆಕ್ಕದಲ್ಲಿ, ಇನ್ನೊಬ್ಬರು ಗುಂಟೆಯ ಲೆಕ್ಕದಲ್ಲಿ ದರ ಹೇಳಿದಾಗ ಎರಡನ್ನೂ ಚದರಡಿಗೆ ಇಳಿಸಿ ನೋಡದಿದ್ದರೆ ಯಾವುದು ಅಗ್ಗವೆಂಬುದು ತಿಳಿಯುವುದಿಲ್ಲ. ಮನೆ ಕಟ್ಟಿರುವ ಜಾಗವನ್ನು ಆ ಲೆಕ್ಕದಿಂದ ಬಿಡಿಸಲು ಮರೆಯಬೇಡಿ.

ಯಂತ್ರದ ಪೆಟ್ರೋಲ್, ಮಧ್ಯಾಹ್ನದ ಊಟ, ಕಸ ಸಾಗಿಸುವ ಗಾಡಿಯ ಬಾಡಿಗೆ ಯಾರದೆಂದು ಮೊದಲೇ ಮಾತಾಡಿಕೊಳ್ಳಿ. ಕಳೆದ ವರ್ಷ ನಾನು ಈ ಕೊನೆಯದನ್ನು ಕೇಳಿರಲಿಲ್ಲ. ಕೂಲಿ ಪಡೆದು ಅವರು ಹೊರಟ ಮೇಲೆ ಗೇಟಿನೆದುರು ಸೊಂಟದೆತ್ತರದ ಹಸಿ ಹುಲ್ಲಿನ ರಾಶಿ ಉಳಿಯಿತು, ಅದನ್ನು ಸಾಗಿಸಲು ಬೇರೆಯಾಗಿಯೇ ತೆರಬೇಕಾಯಿತು.

ಪಾರ್ಥೇನಿಯಂ ಇದ್ದರೆ ಹೂ ಬಿಡುವ ಮುನ್ನವೇ, ನೆಲ ಹಸಿಯಿರುವಾಗ, ಬೇರುಸಹಿತ ಕೀಳಿಸಿ. ಬರಿದೆ ಸವರಿದರೆ ಬುಡದಿಂದ ಮತ್ತೆ ಚಿಗುರಿ, ಅದೇ ಕೆಲಸಕ್ಕೆ ಎರಡನೆಯ ಕೂಲಿ ಬೀಳುತ್ತದೆ. ಅದನ್ನು ಮುಟ್ಟಿದರೆ ಹಲವರಿಗೆ ಚರ್ಮದ ತುರಿಕೆಯಾಗುವುದರಿಂದ ಕೀಳುವವರಿಗೆ ಕೈಗವಸುಗಳನ್ನು ನೀವೇ ತಂದುಕೊಡಿ.