ಗೋಧಿ ಬೇರಿನ ಬಣ್ಣ ನೋಡಿ ಅಲ್ಯೂಮಿನಿಯಂ ತಾಳುವ ತಳಿ ಗುರುತಿಸಿ

ಮಣ್ಣಿನ ಪಿಹೆಚ್ 5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೇ ಕೆಡಿಸುತ್ತದೆ. ಯಾವ ತಳಿ ತಾಳುತ್ತದೆ ಅಂತ ತಿಳಿಯಲು ಕೊಯ್ಲಿನವರೆಗೆ ಕಾಯಬೇಕಿಲ್ಲ.

ಮೂರ್ನಾಲ್ಕು ದಿನದ ಮೊಳಕೆಗಳ ಬೇರನ್ನು ಪಿಹೆಚ್ 4ರ ಆಸುಪಾಸಿನ, ಅಲ್ಯೂಮಿನಿಯಂ ಕ್ಲೋರೈಡ್ ಬೆರೆಸಿದ ಪೋಷಕ ದ್ರಾವಣದಲ್ಲಿ ಒಂದು ದಿನ ಇಳಿಬಿಡಿ. ಆಮೇಲೆ ಶುದ್ಧ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಇಲ್ಲಿ ಅವಸರ ಬೇಡವೇ ಬೇಡ, ಮೇಲೆ ಅಂಟಿದ ಅಲ್ಯೂಮಿನಿಯಂ ಸುಮ್ನೆ ದಾರಿ ತಪ್ಪಿಸುತ್ತದೆ. ಅಲ್ಯೂಮಿನಿಯಂ ಸೇರಿದ ಕಡೆ ನೇರಳೆಯಾಗುವ ಹೆಮಟಾಕ್ಸಿಲಿನ್ ಬಣ್ಣದಲ್ಲಿ 15 ನಿಮಿಷ ಅದ್ದಿ, ಮತ್ತೆ ತೊಳೆಯಿರಿ. ತುದಿ ಕಡು ನೇರಳೆಯಾದರೆ ತಳಿ ತಾಳುವುದಿಲ್ಲ, ಬಿಳಿಯಾಗೇ ಉಳಿದರೆ ತಾಳುತ್ತದೆ. ಹೋಲಿಸಲು ಅಲ್ಯೂಮಿನಿಯಂ ತಾಳುವ ಅಟ್ಲಾಸ್ 66 ತಳಿಯ ಗೋಧಿ ಪಕ್ಕದಲ್ಲಿರಲಿ.

ಬಿಳಿ ಉಳಿಯೋದು ಯಾಕೆ? 4ಡಿ ಕ್ರೋಮೋಸೋಮಿನ ಟಿಎ-ಎಎಲ್‌ಎಂಟಿ1 ಜೀನ್ ಜೋರಾಗಿ ಕೆಲಸ ಮಾಡಿದರೆ ಬೇರು ಮ್ಯಾಲೇಟ್ ಎಂಬ ಸಾವಯವ ಆಮ್ಲವನ್ನು ಜಾಸ್ತಿ ಹೊರಬಿಡುತ್ತದೆ, ಅದು ಅಲ್ಯೂಮಿನಿಯಂ ಒಳಬರುವ ಮೊದಲೇ ಹಿಡಿದು ಕಟ್ಟಿಹಾಕುತ್ತದೆ. ಜೋಳದಲ್ಲಿ ಈ ಕೆಲಸ ಎಸ್‌ಬಿ-ಮೇಟ್ ಜೀನಿನದು, ಹೊರಬರುವುದು ಸಿಟ್ರೇಟ್ ಎಂಬ ಬೇರೆ ಆಮ್ಲ. ಹಾಗಾಗಿ ಗೋಧಿಯ ಮಾರ್ಕರನ್ನು (ಜೀನ್ ಗುರುತಿಸುವ ಡಿಎನ್‌ಎ ಗುರುತನ್ನು) ಜೋಳಕ್ಕೆ ಬಳಸಬೇಡಿ.