ಹಳೆಯ ಕೊಂಡಿ ಮುರಿಯದೆ ವೆಬ್‌ಸೈಟ್ ಬದಲಿಸಿದ ಬಗೆ

ಸ್ವಯಂಸೇವಕರೇ ನಡೆಸುವ ಕನ್ನಡ ಟೈಪಿಂಗ್ ತಂತ್ರಾಂಶವೊಂದರ ವೆಬ್‌ಸೈಟನ್ನು ಹಳೆಯ ಸಿಎಂಎಸ್‌ನಿಂದ (ಪುಟಗಳನ್ನು ಡೇಟಾಬೇಸಿನಲ್ಲಿಟ್ಟು ನಡೆಸುವ ತಂತ್ರಾಂಶ) ಹ್ಯೂಗೊಗೆ (ಮಾರ್ಕ್‌ಡೌನ್ ಎಂಬ ಸರಳ ಪಠ್ಯದಿಂದ ಸಿದ್ಧ ಪುಟಗಳನ್ನು ತಯಾರಿಸುವ ಸಾಧನ) ಸಾಗಿಸುವಾಗ ಬಣ್ಣ, ಲೇಔಟ್‌ಗಳ ಮಾತನ್ನು ನಾವು ಕೊನೆಗಿಟ್ಟೆವು. ಮೊದಲು ಮಾಡಿದ್ದು ಬೀಗದ ಕೈಗಳ ಪಟ್ಟಿ: ಡೊಮೇನ್ ಯಾರ ಹೆಸರಲ್ಲಿದೆ, ನವೀಕರಣ ಯಾವಾಗ, ಡಿಎನ್ಎಸ್ (ಡೊಮೇನ್ ಹೆಸರನ್ನು ಸರ್ವರಿಗೆ ಜೋಡಿಸುವ ದಾಖಲೆಗಳು) ಎಲ್ಲಿದೆ, ಸರ್ವರ್ ಲಾಗಿನ್ ಯಾರ ಬಳಿ ಇದೆ. ಪ್ರತಿಯೊಂದರ ಎದುರೂ ಇಬ್ಬರ ಹೆಸರು ಇರಲೇಬೇಕು. ಡೊಮೇನ್ ಒಬ್ಬರ ಆಫೀಸ್ ಇಮೇಲ್‌ಗೆ ಸೇರಿದ್ದು, ಅವರು ಕೆಲಸ ಬಿಟ್ಟಾಗ ಆ ಇಮೇಲೂ ನಿಂತರೆ, ನವೀಕರಣದ ನೋಟಿಸ್ ಯಾರಿಗೂ ತಲುಪುವುದಿಲ್ಲ.

ಆಮೇಲೆ ಪುಟಗಳ ಲೆಕ್ಕ. ಇದಕ್ಕೆ ಸೈಟ್‌ಮ್ಯಾಪ್ (ಸೈಟೇ ಕೊಡುವ ಪುಟಗಳ ಪಟ್ಟಿ) ಒಂದೇ ಸಾಲದು. ಮೆನುವಿನಲ್ಲಿ ಕಾಣದ ಎಷ್ಟೋ ಪುಟಗಳಿಗೆ ವಿಕಿಪೀಡಿಯದಿಂದ, ಲಿನಕ್ಸ್ ಪ್ಯಾಕೇಜುಗಳ ವಿವರದಿಂದ ಜನ ಬರುತ್ತಿರುತ್ತಾರೆ. ಅವು ಸಿಗುವುದು ಸರ್ವರ್ ಲಾಗ್‌ನಲ್ಲಿ, ಅಂದರೆ ಯಾವ ಪುಟವನ್ನು ಯಾವಾಗ ಕೇಳಲಾಯಿತೆಂಬ ದಾಖಲೆಯಲ್ಲಿ. ಸ್ಪ್ರೆಡ್‌ಶೀಟಿನಲ್ಲಿ ನಾಲ್ಕು ಕಾಲಂ ಸಾಕು: ವಿಳಾಸ, ಕೊನೆಯ ತಿದ್ದುಪಡಿ, ನೋಡಿಕೊಳ್ಳುವವರು, ತೀರ್ಮಾನ. ಮೂರನೆಯ ಕಾಲಂ ಖಾಲಿ ಉಳಿದ ಪುಟವನ್ನು ಹೊಸ ಸೈಟಿಗೆ ತರಬೇಡಿ. ತಪ್ಪು ಇನ್‌ಸ್ಟಾಲೇಶನ್ ಸೂಚನೆ ಹೊಸಬರನ್ನು ಓಡಿಸಿದಷ್ಟು ಹಳೆಯ ವಿನ್ಯಾಸ ಓಡಿಸುವುದಿಲ್ಲ.

ಹೋಸ್ಟಿಂಗ್ ಯಾವುದೆಂಬುದೂ ಇದೇ ಹಂತದಲ್ಲಿ ತೀರ್ಮಾನವಾಗಬೇಕು. ಗಿಟ್‌ಹಬ್‌ನ ಹೋಸ್ಟಿಂಗ್ ಸೇವೆಯಾದ ಗಿಟ್‌ಹಬ್ ಪೇಜಸ್‌ನಲ್ಲಿ ನಮಗೆ ಬೇಕಾದ ವಿಳಾಸಗಳಿಗೆ ಸರ್ವರ್ ಮಟ್ಟದ 301 ರೀಡೈರೆಕ್ಟ್ ("ಈ ವಿಳಾಸ ಶಾಶ್ವತವಾಗಿ ಅಲ್ಲಿಗೆ ಹೋಗಿದೆ" ಎಂಬ ಸರ್ವರಿನ ಉತ್ತರ) ಬರೆಯಲು ಬರುವುದಿಲ್ಲ. ಹಳೆಯ ವಿಳಾಸಗಳಿಗಾಗಿ ಹ್ಯೂಗೊದಲ್ಲಿರುವ ಏಲಿಯಾಸ್ ಸೌಲಭ್ಯ ಮಾಡುವುದು ಬ್ರೌಸರನ್ನು ಬೇರೆಡೆ ಕಳಿಸುವ ಒಂದು ಎಚ್‌ಟಿಎಂಎಲ್ ಪುಟ, ಅಷ್ಟೇ. ಪುಟಕ್ಕೆ ಅದು ನಡೆಯುತ್ತದೆ. ಆದರೆ ಸ್ಕ್ರಿಪ್ಟೊಂದು ಹಳೆಯ ವಿಳಾಸದಿಂದ ಜಿಪ್ ಫೈಲ್ ಕೇಳಿದರೆ, ಫೈಲಿನ ಬದಲು ಆ ಎಚ್‌ಟಿಎಂಎಲ್ ಕೈಗೆ ಬರುತ್ತದೆ. ಡೌನ್‌ಲೋಡ್ ಕೊಂಡಿಗಳಿರುವ ಯೋಜನೆಗೆ ನಿಜವಾದ 301 ಕೊಡುವ ಹೋಸ್ಟಿಂಗೇ ಬೇಕು.

ಕನ್ನಡ ಪಠ್ಯ ಸಾಗಿಸುವಾಗ ಹೆಚ್ಚು ಪೆಟ್ಟು ಬಿದ್ದದ್ದು ಕಣ್ಣಿಗೆ ಕಾಣದ ಅಕ್ಷರಗಳಿಗೆ. ಡೇಟಾಬೇಸಿನಿಂದ ಮಾರ್ಕ್‌ಡೌನ್‌ಗೆ ತರುವಾಗ "ಸ್ವಚ್ಛಗೊಳಿಸುವ" ಸ್ಕ್ರಿಪ್ಟು ಶೂನ್ಯ ಅಗಲದ ಚಿಹ್ನೆಗಳನ್ನು (ಅಕ್ಷರಗಳು ಒತ್ತಾಗಿ ಕೂಡಬೇಕೇ, ಬೇಡವೇ ಎಂದು ಹೇಳುವ, ಕಾಣದ ಚಿಹ್ನೆಗಳು) ಅಳಿಸಿಬಿಟ್ಟರೆ "ಸಾಫ್ಟ್‌ವೇರ್" ಎಂಬುದು "ಸಾಫ್ಟ್ವೇರ್" ಆಗುತ್ತದೆ. ಸಾಗಿಸುವ ಮೊದಲು ಮತ್ತು ನಂತರ ಈ ಚಿಹ್ನೆಗಳನ್ನು ಎಣಿಸಿ ತಾಳೆ ನೋಡಿ. ವ್ಯತ್ಯಾಸ ಬಂದರೆ ಅಲ್ಲೇ ನಿಲ್ಲಿಸಿ. ಯೂನಿಕೋಡ್‌ಗಿಂತ ಹಿಂದಿನ ಫಾಂಟುಗಳಲ್ಲಿ ಬರೆದ ಪುಟಗಳಿದ್ದರೆ ಅವನ್ನು ಪರಿವರ್ತಿಸಿ, ಒಬ್ಬರು ಸಾಲುಸಾಲಾಗಿ ಓದಲೇಬೇಕು.

ವಿಳಾಸವನ್ನು ಶೀರ್ಷಿಕೆಯಿಂದ ತಾನಾಗಿಯೇ ಹುಟ್ಟಲು ಬಿಡಬೇಡಿ. ಯೂನಿಕೋಡ್ ಪಠ್ಯವನ್ನು ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಕೊಂಡಿಯನ್ನು ನಕಲಿಸಿದಾಗ ಪ್ರತಿ ಬೈಟೂ %E0 ರೀತಿಯ 3 ಅಕ್ಷರವಾಗುವುದರಿಂದ ಒಂದೊಂದು ಚಿಹ್ನೆಯೂ 9 ಅಕ್ಷರವಾಗಿ ಹಿಗ್ಗುತ್ತದೆ. "ಕನ್ನಡ" ಎಂಬ ಒಂದು ಪದವೇ (ಒತ್ತಿನ ವಿರಾಮವೂ ಸೇರಿ ಐದು ಚಿಹ್ನೆ) 45 ಅಕ್ಷರ! ವಿಳಾಸಕ್ಕೆ ಮಾತ್ರ ರೋಮನ್ ಲಿಪಿಯ ಚಿಕ್ಕ ಹೆಸರು ಕೊಟ್ಟೆವು.

ವಿನ್ಯಾಸದ ಬಗ್ಗೆ ಹೇಳುವುದು ಕಡಿಮೆ. ಸಾಲಿನ ಎತ್ತರ ತೀರಾ ಇಳಿದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗತೊಡಗುತ್ತವೆ. ನೋಟೋ ಸ್ಯಾನ್ಸ್ ಕನ್ನಡ ಫಾಂಟಿನ ಫೈಲನ್ನು ಕಿರಿದುಗೊಳಿಸುವಾಗ ಓಪನ್‌ಟೈಪ್ ನಿಯಮಗಳು (ಅಕ್ಷರಗಳನ್ನು ಕೂಡಿಸುವ ಸೂಚನೆಗಳು) ಉದುರಿಹೋದರೆ ಒತ್ತುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಇರಲಿ.

ಕೆಲಸವನ್ನು ಒಂದು ಸಂಜೆಯಲ್ಲಿ ಮುಗಿಯುವ ತುಂಡುಗಳಾಗಿ ಒಡೆದು, ಪ್ರತಿಯೊಂದಕ್ಕೂ ಒಂದು ಇಶ್ಯೂ (ಯೋಜನೆಯ ಕೆಲಸದ ಪಟ್ಟಿಯಲ್ಲಿ ಒಂದು ನಮೂದು) ತೆರೆದೆವು. "ಡಾಕ್ಯುಮೆಂಟೇಶನ್ ಸರಿಪಡಿಸಿ" ಎಂಬ ಇಶ್ಯೂವನ್ನು ಯಾರೂ ಮುಟ್ಟುವುದಿಲ್ಲ. "ಉಬುಂಟು ಇನ್‌ಸ್ಟಾಲೇಶನ್ ಪುಟದ ಕಮಾಂಡುಗಳನ್ನು ಓಡಿಸಿ ನೋಡಿ" ಎಂದರೆ ಯಾರಾದರೂ ಎತ್ತಿಕೊಳ್ಳುತ್ತಾರೆ. ತೀರ್ಮಾನಗಳಿಗೆ ಆಕ್ಷೇಪಣೆಯ ಗಡುವು ಹಾಕಿ. ಅಪಾಚೆ ಪ್ರತಿಷ್ಠಾನದ ಮುಕ್ತ ತಂತ್ರಾಂಶ ಯೋಜನೆಗಳಲ್ಲಿ 72 ಗಂಟೆ ಕಾಯುವ ರೂಢಿಯಿದೆ. ನಾವು 10 ದಿನ ಕೊಟ್ಟೆವು, ಏಕೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಬಿಡುವು ವಾರಾಂತ್ಯದಲ್ಲಿ ಮಾತ್ರ. ಒಂದು ವಾರಾಂತ್ಯ ತಪ್ಪಿದರೂ ಇನ್ನೊಂದು ಸಿಗಬಹುದು.

ಬದಲಾವಣೆಗೆ ಎರಡು ದಿನ ಮೊದಲೇ ಡಿಎನ್ಎಸ್ ಟಿಟಿಎಲ್ ಅನ್ನು (ಹಳೆಯ ಉತ್ತರವನ್ನು ಇತರರು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿ. ಡಿಎನ್ಎಸ್ ದಾಖಲೆಗಳನ್ನಿಡುವ ನೇಮ್‌ಸರ್ವರನ್ನೇ ಬದಲಿಸುವುದಾದರೆ, ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಗಳನ್ನೂ ಮರೆಯದೆ ನಕಲಿಸಿ. ಇಲ್ಲವಾದರೆ ಸೈಟ್ ಸರಿಯಾಗಿ ಕಾಣುತ್ತಿದ್ದರೂ ಯೋಜನೆಗೆ ಬರುವ ಮೇಲ್ ನಿಂತುಹೋಗಿರುತ್ತದೆ. ಸ್ಪ್ರೆಡ್‌ಶೀಟಿನ ಹಳೆಯ ವಿಳಾಸಗಳನ್ನೆಲ್ಲ ಸ್ಕ್ರಿಪ್ಟಿನಿಂದ ಒಮ್ಮೆ ಕೇಳಿ ನೋಡಿ, 404 (ಪುಟ ಸಿಗಲಿಲ್ಲ) ಬಂದದ್ದನ್ನೆಲ್ಲ ಸರಿಪಡಿಸಿದ ಮೇಲಷ್ಟೇ ಹಳೆಯ ಸರ್ವರನ್ನು ನಿಲ್ಲಿಸಿದೆವು.