ಚೇಂಬರ್ ಬಿಚ್ಚುವಾಗ ಪಕ್ಕದಲ್ಲೇ ನಿಂತಿದ್ದೆ

ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡೇ ದಿನ ಇತ್ತು. ಪೆರೇಸಂದ್ರದಲ್ಲಿ ಸೇವಂತಿಗೆ ತುಂಬಿಕೊಂಡು ನನ್ನ ಪಿಕಪ್‌ನಲ್ಲಿ ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ಗೆ ಹೊರಟಿದ್ದೆ. ರಾತ್ರಿ ಎರಡೂವರೆ. ದೇವನಹಳ್ಳಿಯ ರಾಣಿ ಕ್ರಾಸ್ ಹತ್ತಿರ ಆಯಿಲ್ ಲೈಟ್ ಕೆಂಪಗೆ ಹತ್ತಿತು. ಹಬ್ಬದ ರೇಟು ಕೈತಪ್ಪುತ್ತಲ್ಲ ಅಂತ ಇನ್ನೊಂದು ಕಿಲೋಮೀಟರ್ ಓಡಿಸಿದೆ. ಅದು ನನ್ನದೇ ತಪ್ಪು. ಟಕಟಕ ಅಂತ ಶುರುವಾದ ಸದ್ದು ಜೋರಾಗಿ, ಗಾಡಿ ನಿಂತೇಹೋಯಿತು. ಇಂಜಿನ್ ಸೀಜ್, ಅಂದರೆ ಒಳಗಿನ ಭಾಗಗಳು ಬಿಗಿಯಾಗಿ ಹಿಡಿದುಕೊಂಡಿದ್ದವು!

ಗೊತ್ತಿದ್ದ ಇನ್ನೊಂದು ಹೂವಿನ ಗಾಡಿ ಹಿಂದೆಯೇ ಬರ್ತಿತ್ತು, ಮೂಟೆಗಳನ್ನು ಅದಕ್ಕೆ ಹಾಕಿ ಕಳಿಸಿದೆ. ಆಮೇಲೆ ಒಂದು ಕೆಲಸ ಮಾಡಿದೆ, ಅದೇ ಮುಂದೆ ನನ್ನನ್ನು ಉಳಿಸಿತು. ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ತೆಗೆದು ಒರೆಸಿ, ಮತ್ತೆ ಹಾಕಿ ತೆಗೆದು, ಮೊಬೈಲ್ ಬೆಳಕಲ್ಲಿ ಫೋಟೋ ಹೊಡೆದುಕೊಂಡೆ. ಆಯಿಲ್ ಮೇಲಿನ ಗೆರೆಯವರೆಗೂ ಇತ್ತು.

ಗಾಡಿ ತಗೊಂಡು 3 ವರ್ಷ 2 ತಿಂಗಳು, ಓಡಿದ್ದು 74,000 ಕಿಲೋಮೀಟರ್. ವಾರಂಟಿ ಮುಗಿದು ಎರಡೇ ತಿಂಗಳು, ನೋಡಿ ನನ್ನ ಗ್ರಹಚಾರ. ಶೋರೂಮ್‌ನಲ್ಲಿ ಗಾಡಿಯನ್ನು ಸರಿಯಾಗಿ ನೋಡದೆಯೇ "ಆಯಿಲ್ ಕಮ್ಮಿ ಇತ್ತು ಸರ್" ಅಂದರು. ಎಸ್ಟಿಮೇಟ್ 1,86,000 ರೂಪಾಯಿ. ಇನ್ಶೂರೆನ್ಸ್‌ನವರನ್ನು ಕೇಳಿದರೆ, ಆಕ್ಸಿಡೆಂಟ್ ಆಗದೆ ಇಂಜಿನ್ ತಾನಾಗಿಯೇ ಕೆಟ್ಟರೆ ಪಾಲಿಸಿಯಲ್ಲಿ ಬರಲ್ಲ ಅಂದರು.

ನಾನು ಜಗಳಕ್ಕೆ ಹೋಗಲಿಲ್ಲ. ಗಾಡಿ ಬಿಟ್ಟಾಗ ಶೋರೂಮ್‌ನವರು ಬರೆಯುವ ಜಾಬ್ ಕಾರ್ಡ್ ಮೇಲೆ "ನಾನಿಲ್ಲದೆ ಇಂಜಿನ್ ಬಿಚ್ಚಬಾರದು" ಅಂತ ಬರೆಸಿ ಸಹಿ ಹಾಕಿಸಿದೆ. ಬಿಚ್ಚುವ ದಿನ ಊರಿನ ಮೆಕಾನಿಕ್ ಅಣ್ಣನನ್ನೂ ಕರೆದುಕೊಂಡು ಹೋದೆ. ಚೇಂಬರ್ ಅಂದರೆ ಇಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ತಟ್ಟೆ. ಅದನ್ನು ಕೆಳಗಿಳಿಸಿದಾಗ ಅಣ್ಣ ಮೊದಲು ನೋಡಿದ್ದು ಸ್ಟ್ರೈನರ್ ಜಾಲರಿಯನ್ನು, ಪಂಪ್‌ಗೆ ಹೋಗುವ ಆಯಿಲ್ ಸೋಸೋದು ಅದೇ. ಅರ್ಧಕ್ಕಿಂತ ಜಾಸ್ತಿ ಮುಚ್ಚಿಹೋಗಿತ್ತು. ಬೆರಳಲ್ಲಿ ಕೆರೆದರೆ ರಬ್ಬರ್ ಥರ ಮೆತ್ತಗಿನ ಕಪ್ಪು ಚೂರುಗಳು, ಹುಣಸೆ ನಾರಿನ ಹಾಗೆ ಎಳೆ ಎಳೆಯಾಗಿ ಬಂದವು. ಆಯಿಲ್ ಸೋರದ ಹಾಗೆ ಚೇಂಬರ್ ಅಂಚಿಗೆ ಹಚ್ಚುವ ಅಂಟು, ಸೀಲೆಂಟ್ ಅದು. ಜಾಸ್ತಿ ಹಚ್ಚಿದರೆ ಒಳಕ್ಕೆ ಉಬ್ಬಿ, ಕಾಲಕ್ರಮೇಣ ಕಿತ್ತುಬಂದು ಜಾಲರಿಗೆ ಕೂರುತ್ತೆ. ಆಗ ಆಯಿಲ್ ತುಂಬಿದ್ದರೂ ಪಂಪ್ ಎಳೆಯಲ್ಲ, ಇಂಜಿನ್ ಒಳಗೆ ತಿರುಗುವ ಕ್ರ್ಯಾಂಕ್‌ನ ಬೇರಿಂಗ್ ಒಣಗಿ ಹಿಡಿದುಕೊಳ್ಳುತ್ತೆ.

ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಈ ಚೇಂಬರ್ ಹಿಂದೆ ಯಾರು ಬಿಚ್ಚಿದ್ದು?" ಆಯಿಲ್ ಬದಲಿಸೋಕೆ ಕೆಳಗಿನ ಬೋಲ್ಟ್ ತೆಗೆದರೆ ಸಾಕು, ಚೇಂಬರ್ ಇಳಿಸಬೇಕಿಲ್ಲ. ಎಲ್ಲ ಸರ್ವಿಸೂ ಆ ಶೋರೂಮ್‌ನಲ್ಲೇ ಆಗಿತ್ತು, ಯಾವ ಬಿಲ್ಲಿನಲ್ಲೂ ಚೇಂಬರ್ ಬಿಚ್ಚಿದ ಲೆಕ್ಕ ಇರಲಿಲ್ಲ. ಅಂದ್ಮೇಲೆ ಅದು ಫ್ಯಾಕ್ಟರಿಯಲ್ಲೇ ಹಚ್ಚಿದ್ದು, ಅಲ್ವಾ? ಸೂಪರ್‌ವೈಸರ್ ಮಾತಾಡಲಿಲ್ಲ. ನಾನು ವಿಡಿಯೋ ಮಾಡುತ್ತಲೇ ಇದ್ದೆ. ಚೂರುಗಳನ್ನು ಕವರ್‌ಗೆ ಹಾಕಿ, ಮೇಲೆ ಇಬ್ಬರ ಸಹಿಯನ್ನೂ ತಗೊಂಡೆ.

ಆಮೇಲೆ ಫೋಟೋ, ಬಿಲ್ಲು ಎಲ್ಲ ಸೇರಿಸಿ ಕಂಪನಿಗೂ ಶೋರೂಮ್‌ಗೂ ರಿಜಿಸ್ಟರ್ಡ್ ಪೋಸ್ಟಲ್ಲಿ ನೋಟಿಸ್ ಕಳಿಸಿದೆ. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀನಿ ಅಂತ ಬರೆದೆ. "ನಿಮ್ಮದು ಕಮರ್ಷಿಯಲ್ ಗಾಡಿ, ನೀವು ಗ್ರಾಹಕರೇ ಅಲ್ಲ" ಅಂತ ಫೋನಲ್ಲಿ ಹೆದರಿಸಿ ನೋಡಿದರು. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಕೊಂಡಿದ್ದರೆ ಅವನೂ ಗ್ರಾಹಕನೇ. ಓಡಿಸೋದು ನಾನೇ, ಡ್ರೈವರ್ ಇಲ್ಲ. ದೂರು ಕೊಡೋಕೆ ಎರಡು ವರ್ಷ ಟೈಮ್ ಇದೆ, ವಕೀಲರು ಬೇಕೇ ಬೇಕು ಅಂತಿಲ್ಲ, ಐದರಿಂದ ಹತ್ತು ಲಕ್ಷದೊಳಗಿನ ಗಾಡಿಗೆ ಫೀಸು ಬರೀ 200 ರೂಪಾಯಿ.

ಹನ್ನೆರಡನೇ ದಿನಕ್ಕೆ ಕಂಪನಿಯಿಂದಲೇ ಒಬ್ಬರು ಬಂದರು. ಲೈಟ್ ಹತ್ತಿದ ಮೇಲೂ ಓಡಿಸಿದ್ದೀರಿ ಅಂತ ಚೌಕಾಸಿ ಮಾಡಿದರು, ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಕೊನೆಗೆ ಪಾರ್ಟ್ಸ್ ಅವರದು, ಲೇಬರ್ 31,000 ನನ್ನದು ಅಂತಾಯಿತು. ಹೊಸ ಇಂಜಿನ್‌ಗೆ ಒಂದು ವರ್ಷದ ವಾರಂಟಿ ಬರವಣಿಗೆಯಲ್ಲಿ ಕೊಟ್ಟ ಮೇಲೇ ಸಹಿ ಹಾಕಿದೆ.

ಇಂಜಿನ್‌ನ ಮುಖ್ಯ ಭಾಗವಾದ ಬ್ಲಾಕ್ ಬದಲಾಗಿದ್ದರಿಂದ ಇಂಜಿನ್ ನಂಬರೂ ಬದಲಾಯಿತು. ಅದನ್ನು ಆರ್‌ಸಿಗೆ ಸೇರಿಸಲು ಆರ್‌ಟಿಓ ಆಫೀಸಿಗೆ ಮೂರು ಸಲ ಅಲೆದೆ, ಒಂದು ಸಲವಂತೂ ಸುಮ್ನೆ ಹೋಗಿ ಬಂದಿದ್ದು, ಆವತ್ತು ಎರಡನೇ ಶನಿವಾರ.